ವಿಕೇಂದ್ರೀಕರಣ ಶಬ್ದದ ವಿಭಕ್ತಿ ವಿಚಾರ (ಋಷಿಕೊಂಡ ಭಾಷ್ಯಸಹಿತ)

ಮೊದಲು ವಚನ. ಕನ್ನಡಕ್ಕೆ ದ್ವಿವಚನವಿಲ್ಲ, ತೆಲುಗಿಗೂ ಇಲ್ಲ. ಆಂಧ್ರದ ರಾಜಧಾನಿಗೆ ಮಾತ್ರ ಇತ್ತು. 2014ರ ವಿಭಜನೆಯಲ್ಲಿ ಹೈದರಾಬಾದ್ ಹತ್ತು ವರ್ಷದ ಮಟ್ಟಿಗೆ ಜಂಟಿ ರಾಜಧಾನಿಯಾಯಿತು, ಮರುವರ್ಷ ವಿಜಯವಾಡದ ಮಗ್ಗುಲಿಗೆ ಅಮರಾವತಿಯ ಅಡಿಗಲ್ಲು ಬಿತ್ತು. 2020ರ ಕಾಯ್ದೆ ಕಾರ್ಯಾಂಗವನ್ನು ವಿಶಾಖಪಟ್ಟಣಕ್ಕೂ ನ್ಯಾಯಾಂಗವನ್ನು ಕರ್ನೂಲಿಗೂ ಕೊಟ್ಟು ಶಾಸಕಾಂಗವನ್ನು ಅಮರಾವತಿಯಲ್ಲೇ ಬಿಟ್ಟಾಗ ಬಹುವಚನ ಸಿದ್ಧಿಸಿತು. ಕಾಯ್ದೆಯ ಹೆಸರಿನಲ್ಲೇ ವಿಕೇಂದ್ರೀಕರಣವಿತ್ತು. ಆದರೂ ವಿಧಾನ ಪರಿಷತ್ತು ಮಸೂದೆಯನ್ನು ಆಯ್ಕೆ ಸಮಿತಿಗೆ ಕಳಿಸಿತು. ಐದೇ ದಿನಕ್ಕೆ ಪರಿಷತ್ತನ್ನೇ ರದ್ದು ಮಾಡಬೇಕೆಂದು ವಿಧಾನಸಭೆ ನಿರ್ಣಯಿಸಿತು. ಎರಡು ಸ್ವರ ಎದುರಾದಾಗ ಒಂದು ಬಿದ್ದುಹೋಗುವುದೇ ಲೋಪಸಂಧಿ.

ಇನ್ನು ವಿಭಕ್ತಿ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಬಾಯಿಪಾಠ ಮಾಡಿದವರಿಗೆಲ್ಲ ಗೊತ್ತು, ಕೊಡುವ ಮಾತಿಗೆ 'ಗೆ' ಬೇಕು. ಅಧಿಕಾರ ಯಾರಿಗೆ? ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು 1983ರ ಕರ್ನಾಟಕದ ಪಂಚಾಯಿತಿ ಕಾಯ್ದೆಯಲ್ಲಿ ಈ ಚತುರ್ಥಿಯನ್ನೇ ಹಿಡಿದಿದ್ದರು. 1987ರಲ್ಲಿ ಚುನಾವಣೆಯಾಯಿತು, ಹೆಂಗಸರಿಗೆ ಶೇ. 25 ಮೀಸಲು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಈಚಿನ ವೈಯಾಕರಣರಿಗೆ 'ಅಲ್ಲಿ' ಎಂಬ ಸಪ್ತಮಿಯ ಮೇಲೇ ಮೋಹ. ಎಲ್ಲಿ ಕಟ್ಟೋಣ? (ಬೆಳಗಾವಿಯ ಸುವರ್ಣ ವಿಧಾನಸೌಧವೂ ಸಪ್ತಮಿಯೇ: ಅಧಿಕಾರ ಚಳಿಗಾಲದಲ್ಲಿ ಹತ್ತು ಹನ್ನೆರಡು ದಿನ ಹೋಗಿ, ಕುಂದಾ ಕಟ್ಟಿಸಿಕೊಂಡು ಬೆಂಗಳೂರಿಗೆ ವಾಪಸಾಗುತ್ತದೆ.)

ಸಪ್ತಮಿಗೆ ಪರಮೋದಾಹರಣೆ ಋಷಿಕೊಂಡ. ವಿಶಾಖಪಟ್ಟಣದಿಂದ ಭೀಮಿಲಿಯ ಕಡೆ ಹೋಗುವಾಗ ಕಡಲಿಗೆ ಮುಖಮಾಡಿದ ಈ ಗುಡ್ಡದ ಮೇಲೆ ಪ್ರವಾಸೋದ್ಯಮ ನಿಗಮದ ಹರಿತಾ ರೆಸಾರ್ಟ್ ಇತ್ತು. ಅದನ್ನು ಕೆಡವಿದರು, ಮಣ್ಣು ಕೆಂಪಗೆ ಕಾಣುವಷ್ಟು ಗುಡ್ಡ ಕಡಿದರು, ಕೆಂಪು ಕಣ್ಣಿಗೆ ಹೊಡೆಯಿತೆಂದು ಹಸಿರು ಹೊದಿಕೆ ಹೊದಿಸಿದರು. ಮೇಲೆ ಎದ್ದ ಬ್ಲಾಕುಗಳಿಗೆ ವೇಂಗಿ, ಕಳಿಂಗ, ಗಜಪತಿ ಎಂಬ ಹೆಸರು. ನಮ್ಮ ಸಮಾಧಾನಕ್ಕೆ ವಿಜಯನಗರವೂ ಉಂಟು. ಅಧಿಕಾರ ಹಂಚಲು ಹೊರಟವರಿಗೆ ಸಾಮ್ರಾಜ್ಯಗಳೇ ನೆನಪಾದವು. 2021ರ ನವೆಂಬರಿನಲ್ಲಿ ಸರ್ಕಾರ ಮೂರು ರಾಜಧಾನಿಯ ಕಾಯ್ದೆಯನ್ನೇ ಹಿಂತೆಗೆದುಕೊಂಡಿತು. ಪ್ರಕೃತಿ ಹೋದರೂ ಪ್ರತ್ಯಯ ಸಿಮೆಂಟಿನಲ್ಲಿ ಬೆಳೆಯುತ್ತಲೇ ಇತ್ತು. 2024ರ ಜೂನಿನಲ್ಲಿ, ಆಳುತ್ತಿದ್ದ 151 ಸ್ಥಾನದ ಪಕ್ಷ 11ಕ್ಕೆ ಇಳಿದ ಮೇಲೆ, ಬಾಗಿಲು ತೆಗೆದು ಕ್ಯಾಮೆರಾಗಳನ್ನು ಒಳಗೆ ಬಿಟ್ಟರು. ಅವು ಸ್ನಾನದ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತವು.

ಪಂಚಮಿಯನ್ನು ಮರೆಯಬಾರದು. ಅಪಾದಾನವೆಂದರೆ ಯಾವುದರಿಂದ ಕಿತ್ತದ್ದೋ ಅದು. ಹಣಕಾಸು ಆಯೋಗ ಪಂಚಾಯಿತಿಗೆ ಕೊಟ್ಟ ದುಡ್ಡನ್ನು ರಾಜ್ಯ ಸರ್ಕಾರ ಕರೆಂಟ್ ಬಿಲ್ಲಿಗೆ ಮುರಿದುಕೊಂಡಿತೆಂದು ಅದೇ ಆಂಧ್ರದ ಸರ್ಪಂಚರು ಬೀದಿಗಿಳಿದರು. ಮೂರು ರಾಜಧಾನಿಯ ವಾದ ನಡೆದಷ್ಟೂ ದಿನ ಊರಿನ ಪಂಚಾಯಿತಿ ಚತುರ್ಥಿಗೆ ಬರಲಿಲ್ಲ, ಪಂಚಮಿಯಲ್ಲೇ ಉಳಿಯಿತು.

ಪೂರ್ವಪಕ್ಷವೊಂದಿದೆ: ಋಷಿಕೊಂಡದ ಮೇಲಿರುವುದು ಮುಖ್ಯಮಂತ್ರಿಯ ಮನೆಯಲ್ಲ, ಸರ್ಕಾರದ ಕಟ್ಟಡ ಎಂದು ಸೋತ ಪಕ್ಷದವರ ವಾದ. ಹಾಗಾದರೆ ಅದು ಯಾರದು? ಇದು ಷಷ್ಠಿಯ ಪ್ರಶ್ನೆ. ಷಷ್ಠಿ ಬರೀ ಸಂಬಂಧ, ಕಾರಕವಲ್ಲ ಎಂದು ಪಾಣಿನೀಯರು ಎಂದೋ ತೀರ್ಮಾನಿಸಿರುವುದರಿಂದ ಈ ಪ್ರಬಂಧದ ವ್ಯಾಪ್ತಿಗೆ ಅದು ಬಾರದು.