ಊರು ಎಲ್ಲುಂಟು ಮಾರಾಯ್ರೆ?

ಪಡೀಲಿನ ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇದುವರೆಗೆ ಸಂದರ್ಶನ ಕೊಟ್ಟದ್ದಿಲ್ಲ. ಹೇಳಬೇಕಾದ್ದನ್ನೆಲ್ಲ ಮೂರು ಭಾಷೆಯಲ್ಲಿ ಮೈಕಿನಲ್ಲಿ ಹೇಳಿ ಮುಗಿಸುವ ಅಭ್ಯಾಸ ಅದಕ್ಕೆ.

ಹೆಸರು ಮಂಗಳೂರು. ಊರು ಮಾತ್ರ ಕಾಣುವುದಿಲ್ಲವಲ್ಲ?

— ಮೊದಲು ಕಂಕನಾಡಿ ಅಂತ ಇತ್ತು. ಕಂಕನಾಡಿಯೂ ಇಲ್ಲಿಲ್ಲ. ಆಮೇಲೆ ಬಡ್ತಿ ಕೊಟ್ಟರು. ಬೋರ್ಡು ಬಂತು, ಊರು ಬರಲಿಲ್ಲ.

ಎಲ್ಲ ರೈಲುಗಳನ್ನೂ ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೇ ಕಳಿಸಬಹುದಲ್ಲ?

— ಸೆಂಟ್ರಲ್ 1907ರ ಹಳಬ, ಊರ ನಡುವೆ ಆರಾಮ ಇದ್ದಾನೆ. ಆದರೆ ಅಲ್ಲಿಗೆ ಹಳಿ ಮುಗೀತದೆ. ಒಳಗೆ ಹೋದ ಗಾಡಿ ಇಂಜಿನ್ ಬದಲಿಸಿ ಹಿಂದೆ ಬರಬೇಕು. ಅದಕ್ಕೇ 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕೇರಳ–ಮುಂಬೈ ಗಾಡಿಗಳು ನನ್ನ ಪಾಲು. ರಾತ್ರಿ ಇಳಿದವರು ರಿಕ್ಷಾದವರ ಪಾಲು.

ರೈಲಿನಿಂದ ಜನರ ಓಡಾಟ ಬದಲಾಗಲೇ ಇಲ್ಲವೆ?

— ಯಾಕಿಲ್ಲ? ಕಾಸರಗೋಡಿನ ಕಾಲೇಜು ಮಕ್ಕಳನ್ನು ನೋಡಿ. ಸೀಸನ್ ಟಿಕೆಟ್ ಮಾಡಿಸಿ ಬರ್ತಾರೆ, ಸೆಂಟ್ರಲ್‌ನಲ್ಲಿ ಇಳಿದು ಹಂಪನಕಟ್ಟೆಗೆ ನಡೆದೇ ಹೋಗ್ತಾರೆ. ಉಡುಪಿಯವರನ್ನು ಮಾತ್ರ ಕೇಳಬೇಡಿ. ಅಲ್ಲಿ ನಿಲ್ದಾಣ ಇಂದ್ರಾಳಿಯಲ್ಲಿ, ಇಲ್ಲಿ ನಾನು ಪಡೀಲಲ್ಲಿ. ಎರಡೂ ಕಡೆ ರಿಕ್ಷಾಕ್ಕೆ ಕೊಡುವ ದುಡ್ಡಲ್ಲಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರಬಹುದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಉಡುಪಿ, ಉಡುಪಿ" ಅಂತ ಕೂಗಿ, ಬ್ಯಾಗು ಹಿಡಿದು, ಅರ್ಧ ಎತ್ತಿಯೇ ಹತ್ತಿಸ್ತಾನೆ. ನಾನು "ಯಾತ್ರಿಗಳೇ, ದಯವಿಟ್ಟು ಗಮನಿಸಿ" ಅಂದರೆ ಯಾರು ಓಡಿ ಬರ್ತಾರೆ?

ಬಾಗಿಲಿಗೇ ಸಿಟಿ ಬಸ್ ಬೇಕೆಂದು ಒಂದು ಅರ್ಜಿ ಹಾಕಿ.

— ಯಾರಿಗೆ? ನಾನು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲು ದಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಮೈಸೂರು ವಿಭಾಗ. ತೋಕೂರಿನಾಚೆ ಕೊಂಕಣ ರೈಲ್ವೆ. ಯಜಮಾನರು ಮೂವರು, ಬಸ್ಸು ಒಬ್ಬರದ್ದೂ ಅಲ್ಲ. ಸಿಟಿ ಬಸ್ಸಿನವರಿಗೆ ಇಡೀ ದಿನ ಜನ ಬೇಕು. ನನ್ನ ಜನ ಗಾಡಿ ಬಂದಾಗ ಒಟ್ಟಿಗೇ ಸುರೀತಾರೆ, ಹತ್ತು ನಿಮಿಷದಲ್ಲಿ ಖಾಲಿ.

ನಿಲ್ದಾಣ ಸುಧಾರಿಸುವ ಅಮೃತ ಭಾರತ ಯೋಜನೆ ಬಂದಿದೆಯಲ್ಲ?

— 2023ರ ಆಗಸ್ಟಿನಲ್ಲಿ ಶಿಲಾನ್ಯಾಸ ಆಯಿತು. ಎದುರು ಚಂದ ಮಾಡುವುದು, ಪಾರ್ಕಿಂಗ್ ದೊಡ್ಡದು ಮಾಡುವುದು ಅಂತೆಲ್ಲ ಉಂಟು. ಪಾರ್ಕಿಂಗ್ ದೊಡ್ಡದಾದಷ್ಟೂ ಕಾರು ಬರ್ತದೆ. ಬಸ್ಸಿಗೆ ಕಾಯುವವನಿಗೆ ನೋಡಲು ಒಳ್ಳೆಯ ಗೋಡೆಯಾದರೂ ಸಿಗ್ತದೆ ಬಿಡಿ. ಅಲ್ಲ, ನೀವು ಎಂತದರಲ್ಲಿ ಬಂದದ್ದು?

ಸ್ಕೂಟರಿನಲ್ಲಿ.

— ರಿಕ್ಷಾ ಸ್ಟ್ಯಾಂಡಿನಲ್ಲಿ ಇಟ್ಟಿದ್ದರೆ ಬೇಗ ತೆಗೆಯಿರಿ ಮಾರಾಯ್ರೆ. ಅದನ್ನು ಪೊಲೀಸರು ಒಯ್ದರೆ ನಿಮಗೂ ರಿಕ್ಷಾವೇ ಗತಿ, ಬಾಡಿಗೆ ನಾನು ಹೇಳುವುದಿಲ್ಲ.