ಹಳೆ ಗಿಟಾರ್ ಮೌಲ್ಯನಿರ್ಣಯ ಪ್ರಕರಣ

ಸೇಡಂ ರಸ್ತೆಯಲ್ಲಿ ವಾಸವಿದ್ದು ಯಾವುದಾದರೂ ವಸ್ತುವನ್ನು ವಿಂಗಡಿಸದೆ ಬಿಟ್ಟರೆ ಪೂರ್ವಿಕರಿಗೆ ಅವಮಾನ. ಕಲಬುರಗಿಯಿಂದ ಇದೇ ದಾರಿ ಹಿಡಿದು ವಿಶ್ವವಿದ್ಯಾಲಯ ದಾಟಿ ಮುಂದಕ್ಕೆ ಹೋದರೆ ಮಳಖೇಡ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಕವಿರಾಜಮಾರ್ಗವು ಕಾವ್ಯದ ಗುಣ ದೋಷಗಳನ್ನು ಬೇರೆ ಬೇರೆ ರಾಶಿ ಹಾಕಿತು. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯ ಗಣಿತವನ್ನು ಹಾಗೇ ಹರವಿಟ್ಟ. ಇನ್ನು ಶಹಾಬಾದ್ ಕಡೆಗಿರುವ ಮರತೂರು, ಆಸ್ತಿಯ ಹಕ್ಕು ಪಾಲುಗಳನ್ನು ವಿವರಿಸುವ ಧರ್ಮಶಾಸ್ತ್ರಗ್ರಂಥ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರೆಂಬುದು ಜಿಲ್ಲೆಯ ಹೆಮ್ಮೆ. ಇಷ್ಟೆಲ್ಲ ಶಾಸ್ತ್ರ ಹುಟ್ಟಿದ ಸೀಮೆಯಲ್ಲಿ ಮನೆಯ ಹಳೆ ಗಿಟಾರಿನ ಬೆಲೆ ಎಷ್ಟೆಂದು ಹೇಳುವ ಗ್ರಂಥ ಮಾತ್ರ ಇಲ್ಲ. ಆ ಕೊರತೆ ತುಂಬುವ ಧೈರ್ಯ ಇಲ್ಲಿದೆ.

ಬೆಲೆ ಎರಡು ಬಗೆ: ರೊಕ್ಕದ್ದು, ಅಕ್ಕರೆಯದು.

ರೊಕ್ಕದ ಬೆಲೆಗೆ ಮೊದಲ ಪ್ರಮಾಣ ಕಾಷ್ಠ. ಮೇಲ್ಹಲಗೆ ಒಂದೇ ಮರದ ಸೀಳಾದರೆ ಅಖಂಡಕಾಷ್ಠ, ಪ್ಲೈವುಡ್ ಆದರೆ ಪದರಕಾಷ್ಠ. ಪರೀಕ್ಷೆ ಸುಲಭ. ನಡುವಿನ ದುಂಡು ತೂತಿನ ಅಂಚನ್ನು ನೋಡಿ. ಮೇಲಿನ ಎಳೆಗೆರೆ ಅಂಚಿನಲ್ಲೂ ಇಳಿದು ಮುಂದುವರಿದರೆ ಅಖಂಡ. ಮೂರು ಪದರ ಕಂಡರೆ ಪೂಜೆ ಅಲ್ಲಿಗೇ ಮುಗಿಯಿತು. ಅಖಂಡಕಾಷ್ಠದ ನಾದ ವರ್ಷ ಕಳೆದಂತೆ ಬಿಚ್ಚಿಕೊಳ್ಳುತ್ತದೆಂದು ಬಲ್ಲವರು ಹೇಳುತ್ತಾರೆ. ಪದರಕಾಷ್ಠಕ್ಕೆ ವಯಸ್ಸಾಗುತ್ತದೆ, ಅಷ್ಟೆ. ನಮ್ಮ ಮನೆಗಳಲ್ಲಿರುವವು ಬಹುಪಾಲು ಎರಡನೆಯ ಜಾತಿಯವು.

ಕಾಷ್ಠಗಳಲ್ಲಿ ಕುಲೀನವೆಂದರೆ ಬೀಟೆ, ಅಂದರೆ ರೋಸ್‌ವುಡ್. ಅಮೆರಿಕದ ಮಾರ್ಟಿನ್ ಕಂಪನಿ 1833ರಿಂದ ಗಿಟಾರ್ ಮಾಡುತ್ತ ಬಂದಿದೆ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿ ಸಿಗುವುದು ಕಷ್ಟವಾದಾಗ, 1969ರ ಸುಮಾರಿಗೆ, ಅದು ಭಾರತದ ಬೀಟೆಗೆ ತಿರುಗಿತು. ಅಂದರೆ ಸಹ್ಯಾದ್ರಿಯ ತಪ್ಪಲಿನ ಮರ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಲಕ್ಷಗಟ್ಟಲೆ ಬೆಲೆಯ ವಾದ್ಯವಾಗಿ ಮರಳಿ ಬೆಂಗಳೂರಿನ ಗಾಜಿನ ಅಂಗಡಿಯಲ್ಲಿ ನೇತಾಡುತ್ತದೆ. ನಾವು ಅದೇ ಮರದಲ್ಲಿ ಮಂಚ ಮಾಡಿಸಿ ಮಲಗಿದವರು. 2017ರಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಂಚಕ್ಕೆ ಸಿಗಲಿಲ್ಲ.

ಎರಡನೆಯ ಪ್ರಮಾಣ ನಾಮ. ಇಲ್ಲಿ ಪಾಠಾಂತರಗಳ ಬಗ್ಗೆ ಎಚ್ಚರ ಬೇಕು. ಗಿಟಾರಿನ ತಲೆಯ ಮೇಲೆ ಅಮೆರಿಕದ ಗಿಬ್ಸನ್ ಎಂದಿದೆಯೋ, ನಮ್ಮ ದೇಶದ ಗಿವ್ಸನ್ ಎಂದಿದೆಯೋ? ಒಂದು ಅಕ್ಷರದ ಭೇದಕ್ಕೆ ಲಕ್ಷಗಳ ಅಂತರ. ಯಾವ ಹಸ್ತಪ್ರತಿ ಸಂಪಾದಕನಿಗೂ ಇಷ್ಟು ದುಬಾರಿ ಪಾಠಭೇದ ಸಿಕ್ಕಿರಲಾರದು.

ಸ್ಥಳನಾಮ ಮೂರನೆಯದು, ಅದು ನಮ್ಮಲ್ಲಿ ಕೆಲಸಕ್ಕೆ ಬಾರದು. ಕೆಂಪು ಬಾಳೆಗೆ ಕಮಲಾಪುರದ ಹೆಸರು ಅಂಟಿದರೆ ಬೆಲೆ ಏರುತ್ತದೆ, ಗಿಟಾರಿಗೆ ಕಲಬುರಗಿಯ ಹೆಸರು ಅಂಟಿದರೆ ಕೊಳ್ಳುವವನು "ಬಿಸಿಲಾಗ ಇಟ್ಟಿದ್ದಿಲ್ಲಲ್ರೀ?" ಎಂದು ಮೊದಲು ಕೇಳುತ್ತಾನೆ. ಅವನ ಸಂಶಯ ನ್ಯಾಯವಾದದ್ದೇ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದರೆ ಒಟ್ಟು ಎಳೆತ ಸುಮಾರು 70 ಕಿಲೋ. ತುಂಬಿದ ಆಳೊಬ್ಬ ಹಗಲು ರಾತ್ರಿ ಕೊರಳಿಗೆ ಜೋತುಬಿದ್ದಂತೆ. ಮೇ ತಿಂಗಳ 42 ಡಿಗ್ರಿಯಲ್ಲಿ, ತಗಡಿನ ಮಾಡಿನಡಿ ಒಣಗಾಳಿಗೆ ಮರ ಕುಗ್ಗುತ್ತದೆ, ಅಂಟು ಮೆತ್ತಗಾಗುತ್ತದೆ, ತಂತಿ ಕಟ್ಟಿದ ಸೇತುವೆ ಏಳುತ್ತದೆ, ಕೊರಳು ಬಾಗುತ್ತದೆ. ಬಾಗಿದ ಕೊರಳನ್ನು ಬಿಚ್ಚಿ ಕೂಡಿಸುವ ಕೂಲಿ ಪದರಕಾಷ್ಠದ ಬೆಲೆಯನ್ನೇ ಮೀರುತ್ತದೆ. ಬೇಸಿಗೆಗೆ ಮುಂಚೆ ತಂತಿ ಸಡಿಲಿಸಿ ಪೆಟ್ಟಿಗೆಯಲ್ಲಿಡುವುದೊಂದೇ ಪರಿಹಾರ.

ನಾಲ್ಕನೆಯದು ಸ್ಪರ್ಶಪ್ರಮಾಣ, ಅಂದರೆ ಯಾರು ಮುಟ್ಟಿದ್ದರು ಎಂಬುದು. ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನ್ 1993ರಲ್ಲಿ ನುಡಿಸಿದ, 1959ರಲ್ಲಿ ತಯಾರಾದ ಮಾರ್ಟಿನ್ 2020ರ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ನಮ್ಮಲ್ಲಿ "ಕಾಕಾ ಕಾಲೇಜ್ ಗ್ಯಾದರಿಂಗ್‌ದಾಗ ಬಾರಿಸಿದ್ದ" ಎಂದರೆ ಅಂಗಡಿಯವನು ನೂರು ರೂಪಾಯಿ ಕಡಿಮೆಯೇ ಹೇಳುತ್ತಾನೆ, ಕಾಕಾ ಜೋರಾಗಿ ಬಾರಿಸಿದ್ದಿರಬೇಕೆಂದು.

ಈಗ ಅಕ್ಕರೆ. ಇದನ್ನು ಅಳೆಯಲು ಮಿತಾಕ್ಷರಕ್ಕಿಂತ ಒಳ್ಳೆಯ ಕೋಲಿಲ್ಲ. ವಿಜ್ಞಾನೇಶ್ವರ ದಾಯವನ್ನು, ಅಂದರೆ ವಾರಸಿನ ಆಸ್ತಿಯನ್ನು, ಅಪ್ರತಿಬಂಧ (ಅಡ್ಡಿಯಿಲ್ಲದ್ದು), ಸಪ್ರತಿಬಂಧ (ಅಡ್ಡಿಯುಳ್ಳದ್ದು) ಎಂದು ಒಡೆದ. ಅಜ್ಜನ ಆಸ್ತಿ ಅಪ್ರತಿಬಂಧ, ಅದರಲ್ಲಿ ಹುಟ್ಟಿನಿಂದಲೇ ಹಕ್ಕು. ಅಜ್ಜನ ಗಿಟಾರನ್ನು ತೊಟ್ಟಿಲ ಕೂಸು ಕಾಲಿನಿಂದ ಒದ್ದು ನಾದ ಹೊರಡಿಸಿದ ಕ್ಷಣವೇ ಅದರ ಸ್ವತ್ವ ಸಿದ್ಧ. ಗಂಡುಕೂಸಿಗೆ ಮಾತ್ರ ಎಂಬ ತಕರಾರನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೆಗೆದುಹಾಕಿದೆ. ಕಾಕಾನ ಗಿಟಾರ್ ಹಾಗಲ್ಲ, ಅದು ಸಪ್ರತಿಬಂಧ: ಕಾಕಾ ಇರುವತನಕ, ಅವನಿಗೆ ಮಕ್ಕಳಿರುವತನಕ, ನಿಮ್ಮ ಅಕ್ಕರೆ ಕಾನೂನಿನ ಕಣ್ಣಲ್ಲಿ ಬರೀ ಆಸೆ.

ಪಾಲಿನ ಪ್ರಶ್ನೆ ಇನ್ನೂ ಸೊಗಸು. ಮೂವರು ಅಣ್ಣತಮ್ಮಂದಿರಿಗೆ ಆರು ತಂತಿ. ತಲಾ ಎರಡು ಎಂದು ಮಹಾವೀರಾಚಾರ್ಯನ ಗಣಿತ ಒಪ್ಪಬಹುದು, ಗಿಟಾರ್ ಒಪ್ಪದು. ಮಾರಿ ರೊಕ್ಕ ಹಂಚಿದರೆ ಪ್ರತಿಯೊಬ್ಬನಿಗೂ ಆಟೋ ಖರ್ಚು ಗಿಟ್ಟಿದರೆ ಹೆಚ್ಚು. ಶಾಸ್ತ್ರ ಇದಕ್ಕೂ ದಾರಿ ಇಟ್ಟಿದೆ. ತೊಟ್ಟ ಬಟ್ಟೆ, ವಾಹನ, ಒಡವೆ, ಬಾವಿಯ ನೀರು ಇವು ಅವಿಭಾಜ್ಯ. ನೀರನ್ನು ಸರದಿಯ ಮೇಲೆ ಬಳಸಬೇಕೆಂದು ಮಿತಾಕ್ಷರದ ಮತ. ಗಿಟಾರನ್ನು ಈ ಬಾವಿಯ ವರ್ಗಕ್ಕೇ ಸೇರಿಸತಕ್ಕದ್ದು: ದೀಪಾವಳಿಗೆ ಒಬ್ಬನ ಮನೆ, ಯುಗಾದಿಗೆ ಇನ್ನೊಬ್ಬನದು.

ಎರಡು ಬೆಲೆಗಳ ಸಂಬಂಧ ವಿಲೋಮ. ಬೆರಳು ಸವೆಸಿದ ಹಳ್ಳ, ಕಾಂಪಾಸಿನಿಂದ ಕೆತ್ತಿದ ಹೆಸರು, ಯಾವುದೋ ಚುನಾವಣೆಯ ಸ್ಟಿಕರು, ಇವುಗಳಿಗೆ ಪೇಟೆ ರೊಕ್ಕ ಕಳೆಯುತ್ತದೆ, ಮನೆ ಅಕ್ಕರೆ ಕೂಡಿಸುತ್ತದೆ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ ಗಿಟಾರನ್ನು ಮೇಲ್ಹಲಗೆ ತೂತು ಬೀಳುವಷ್ಟು ನುಡಿಸಿ, ಆ ತೂತಿನೊಂದಿಗೇ ಮುಂದುವರಿದ. ಅವನದು ಪ್ರಸಿದ್ಧ ತೂತಾದ್ದರಿಂದ ಎರಡೂ ಬೆಲೆ ಏರಿದವು; ಇದು ಅಪವಾದ, ನಿಯಮವಲ್ಲ.

ಆದ್ದರಿಂದ ನಿರ್ಣಯ: ಅಖಂಡಕಾಷ್ಠವಾದರೆ ಬಲ್ಲವರಿಗೆ ತೋರಿಸಿ ಬೆಲೆ ಕಟ್ಟಿಸಿ. ಪದರಕಾಷ್ಠವಾದರೆ ಬೆಲೆ ಕೇಳಲೇಬೇಡಿ, ಹೊಸ ತಂತಿ ಹಾಕಿಸಿ. ಕಾಕಾನ ಗಿಟಾರಿನ ಮೇಲೆ ಮನಸ್ಸಿದ್ದವರು ದಾಯಕ್ಕಾಗಿ ಕಾಯದೆ ಈ ವಾರವೇ ಫೋನ್ ಮಾಡಿ ಕೇಳಿ. ಕಾಕಾ ತಾನಾಗಿ ಕೊಟ್ಟರೆ ಅದು ದಾನ, ದಾನಕ್ಕೆ ಪ್ರತಿಬಂಧವಿಲ್ಲ.