ನಿಕ್ಷೇಪರಾಯರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಹೆಂಗಸರು ಅಟ್ಟದಿಂದ ಗೊಂಬೆಯ ಪೆಟ್ಟಿಗೆಗಳನ್ನಿಳಿಸಿ, ಕಳೆದ ವರ್ಷದ ಪತ್ರಿಕೆಯ ಸುತ್ತುಗಳನ್ನು ಬಿಚ್ಚಿ, ಯಾವ ಗೊಂಬೆಯ ಮೂಗು ಉಳಿದಿದೆ, ಯಾವುದರದು ಹೋಗಿದೆ ಎಂದು ಪರೀಕ್ಷಿಸತೊಡಗುವ ಕಾಲಕ್ಕೆ, ಬೀದಿಗೊಬ್ಬರಂತೆ ನಿವೃತ್ತ ಗೃಹಸ್ಥರು ಕೈಯಲ್ಲೊಂದು ಅಳತೆಯ ಟೇಪನ್ನು ಹಿಡಿದು, ನಡುಮನೆಗೂ ಹಿತ್ತಿಲಿಗೂ ನಡುವೆ ಅತ್ಯಂತ ಗಂಭೀರವಾದ ಮುಖಮುದ್ರೆಯಿಂದ ಸಂಚರಿಸುವುದನ್ನು ನೀವು ಕಂಡಿರಬಹುದು. ಮನೆಯ ವಾಸ್ತು ಕೆಟ್ಟಿತೆಂದಾಗಲಿ, ಅಣ್ಣತಮ್ಮಂದಿರಲ್ಲಿ ಪಾಲು ನಡೆಯುತ್ತಿದೆಯೆಂದಾಗಲಿ ಭಾವಿಸಬೇಡಿ. ದಸರೆಯ ರಜಕ್ಕೆ ಮೊಮ್ಮಕ್ಕಳು ಬರುವವರಿದ್ದಾರೆ. ಅವರ ವಿನೋದಾರ್ಥವಾಗಿ ಮನೆಯೊಳಗೆ ನಿಧಿಯೊಂದನ್ನು ಅಡಗಿಸಬೇಕಾಗಿದೆ. ಆ ಮಹತ್ಕಾರ್ಯದ ಪೂರ್ವಸಿದ್ಧತೆ ಅದು.

ಇಂಥವರನ್ನೆಲ್ಲ ನಾನು ನಿಕ್ಷೇಪರಾಯರೆಂದು ಕರೆಯುವೆನು. ಇವರಲ್ಲಿ ಹೆಡ್‌ಮಾಸ್ತರಾಗಿದ್ದವರುಂಟು, ಖಜಾನೆಯಲ್ಲಿದ್ದವರುಂಟು. ಆದರೆ ನಾನು ಬಲ್ಲ ರಾಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರಾದುದರಿಂದ, ಅವರಲ್ಲಿ ಈ ಜಾತಿಯ ಲಕ್ಷಣಗಳೆಲ್ಲವೂ ಪರಿಪೂರ್ಣವಾಗಿ ಪ್ರಕಟವಾಗಿವೆ.

ಮಕ್ಕಳ ಆಟವೆಂದರೆ ನಾಲ್ಕು ಚೀಟಿ, ಒಂದು ಡಬ್ಬಿ ಮಿಠಾಯಿ, ಅರ್ಧ ಗಂಟೆಯ ಗದ್ದಲ, ಅಷ್ಟೇ ತಾನೆ ಎನ್ನುವವರು ರಾಯರ ಕಡತವನ್ನು ನೋಡಿದವರಲ್ಲ. ಗೌರಿಹಬ್ಬದ ಬಾಗಿನದ ಮೊರಗಳು ಇನ್ನೂ ಮೂಲೆಯಲ್ಲಿರುವಾಗಲೇ ಅದು ತೆರೆಯುವುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದ ವೃತ್ತಾಂತದಿಂದ ಮೊದಲಾಗುವ ಅದರ ಪೀಠಿಕೆಯಲ್ಲಿ, ಮಕ್ಕಳ ಹೆಸರು ಬರುವುದು ನಾಲ್ಕನೆಯ ಪುಟದಲ್ಲಿ. ಜಂಬೂಸವಾರಿಯು ಅರಮನೆಯಿಂದ ಹೊರಟು ಸುಮಾರು 5 ಕಿಲೋಮೀಟರು ನಡೆದು ಬನ್ನಿಮಂಟಪವನ್ನು ಸೇರುವುದಷ್ಟೆ. ಅದೇ ಕ್ರಮದಲ್ಲಿ, ಗೊಂಬೆ ಕೂರಿಸಿದ ನಡುಮನೆಯೇ ಅರಮನೆಯೆಂದೂ, ಹಿತ್ತಿಲ ಬಚ್ಚಲಿನ ಸೌದೆಗೂಡೇ ಬನ್ನಿಮಂಟಪವೆಂದೂ, ನಡುವಣ ಓಣಿಯೇ ಸಯ್ಯಾಜಿರಾವ್ ರಸ್ತೆಯೆಂದೂ ಕಲ್ಪಿಸಿ, ರಾಯರು ನಕ್ಷೆಯನ್ನು ಬರೆದರು. ದೊರೆತ ನಿಧಿಯನ್ನು ಮೆರವಣಿಗೆಯಲ್ಲಿ ತರುವುದಕ್ಕೆಂದು ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯೊಂದಕ್ಕೆ ಬೇಗಡೆಯನ್ನು ಅಂಟಿಸಿ ಅಂಬಾರಿಯನ್ನೂ ನಿರ್ಮಿಸಿದರು. ಅರಮನೆಯ ಅಂಬಾರಿಯ ತೂಕ 750 ಕಿಲೋಗ್ರಾಂ. ಇದು ಗಾಳಿಗೆ ಹಾರದಂತೆ ಒಳಗೊಂದು ಕುಟ್ಟಣಿಯ ಕಲ್ಲನ್ನಿಡಬೇಕಾಯಿತು.

ಸುಳಿವಿನ ಚೀಟಿಗಳನ್ನು ಬರೆಯುವಾಗ ರಾಯರ ಹಸ್ತವು ಮೂವತ್ತು ವರ್ಷದ ಅಭ್ಯಾಸವನ್ನು ಬಿಟ್ಟುಕೊಡಲಿಲ್ಲ. ಹಳೆಯ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ನಮೂದಿಸದೆ ಭೂಮಿಯನ್ನು ಕೈಬದಲಿಸುತ್ತಿರಲಿಲ್ಲವೆಂಬುದನ್ನು ನೆನೆದು, ಆ ಎಂಟನ್ನೂ ಶಿರೋಲೇಖದಲ್ಲಿ ಹಾಕಿ, ಮೊದಲನೆಯ ಚೀಟಿಯನ್ನು ಚೆಕ್ಕುಬಂದಿಯ ರೂಪದಲ್ಲಿ ರಚಿಸಿದರು: "ಪೂರ್ವಕ್ಕೆ ಅಜ್ಜಿಯ ಮಂಚ, ಪಶ್ಚಿಮಕ್ಕೆ ಉಪ್ಪಿನಕಾಯಿ ಜಾಡಿಯ ಗೂಡು, ಉತ್ತರಕ್ಕೆ ಬಚ್ಚಲಿಗೆ ಹೋಗುವ ಓಣಿ, ದಕ್ಷಿಣಕ್ಕೆ ಸಾರ್ವಜನಿಕ ದಾರಿ, ಈ ಮಧ್ಯೆ ವ್ಯಾಪಾರ ಮಾಡಿಕೊಂಡಿರುವ ವರ್ತಕನ ಬೆನ್ನ ಹಿಂದೆ." ವರ್ತಕನೆಂದರೆ ಗೊಂಬೆಯ ಮೆಟ್ಟಿಲಿನ ಕೊನೆಯ ಸಾಲಿನಲ್ಲಿ, ಬೆಲ್ಲ, ಬೇಳೆ, ಕೊಬ್ಬರಿಗಳ ಪುಟ್ಟ ರಾಶಿಗಳನ್ನು ಮುಂದಿಟ್ಟುಕೊಂಡು ಹೆಂಡತಿಯೊಡನೆ ಕುಳಿತಿರುವ ಮಣ್ಣಿನ ಶೆಟ್ಟಿ. ಎರಡನೆಯ ಚೀಟಿ ಇನ್ನೂ ಗಹನವಾದುದು: "ಜರ್ಮನಿಯಲ್ಲಿ ಜನಿಸಿ ಕನ್ನಡಕ್ಕೆ ದುಡಿದ ಪಾದ್ರಿಯ ಉದರದಲ್ಲಿ, 'ನಿ'ಕಾರದ ಮನೆಯಲ್ಲಿ." ಕಿಟ್ಟೆಲ್ ಸಾಹೇಬರ ನಿಘಂಟು, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದುದು, ರಾಯರ ಮನೆಯಲ್ಲಿ ಒಂದು ಪ್ರತಿಯುಂಟು. ಮೂರನೆಯ ಚೀಟಿ ಅದರೊಳಗೆ. ಕನಕದಾಸರ ಮುಂಡಿಗೆಗಳಿಗಾದರೂ ವ್ಯಾಖ್ಯಾನಕಾರರು ದೊರೆಯುವರು. ಈ ಚೀಟಿಗಳಿಗೆ ರಾಯರೊಬ್ಬರೇ ವ್ಯಾಖ್ಯಾನಕಾರರು, ಮತ್ತು ನಿಯಮಾನುಸಾರ ಅವರು ಮೌನವಾಗಿರತಕ್ಕವರು.

ಎಲ್ಲಕ್ಕಿಂತ ದೀರ್ಘವಾದ ವಿಚಾರಣೆ ನಡೆದುದು ನಿಧಿಯ ಮೌಲ್ಯವನ್ನು ಕುರಿತು. 1878ರ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿ ಸಿಕ್ಕಿದ ವಸ್ತುವಿನ ಬೆಲೆ 10 ರೂಪಾಯಿಯನ್ನು ಮೀರಿದರೆ ಸಿಕ್ಕಿದವನು ಕಲೆಕ್ಟರಿಗೆ ತಿಳಿಸತಕ್ಕದ್ದು. ಸೌದೆಗೂಡು ನೆಲವಲ್ಲವೆಂಬ ವಾದವುಂಟಾದರೂ, ಮೊಮ್ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ಕಾಯಿದೆಯ ಅಂಚಿನಲ್ಲಿ ನಡೆಯುವುದು ಶ್ರೇಯಸ್ಕರವಲ್ಲವೆಂದು ನಿಶ್ಚಯಿಸಿ, ರಾಯರು ಡಬ್ಬಿಯಲ್ಲಿ ಸರಿಯಾಗಿ 10 ರೂಪಾಯಿಯ ಒಂದೇ ನಾಣ್ಯವನ್ನಿಟ್ಟು, ಮಿಕ್ಕ ಜಾಗವನ್ನು ಪತ್ನಿ ಮಾಡಿದ ರವೆಉಂಡೆ ಮತ್ತು ಕೊಬ್ಬರಿಮಿಠಾಯಿಗಳಿಂದ ತುಂಬಿದರು.

"ಹಾಗಾದ್ರೆ ಉಂಡೆಗೆ ಎಷ್ಟು ಬೆಲೆ ಕಟ್ಟಿದ್ರಿ?" ಎಂದು ಆಕೆ ಅಡಿಗೆಮನೆಯಿಂದಲೇ ಕೇಳಿದರು.

"ಮನೆಯ ಉತ್ಪನ್ನ. ಅದಕ್ಕೆ ಮೌಲ್ಯವಿಲ್ಲ" ಎಂದು ರಾಯರು ಕಡತದಿಂದ ತಲೆಯೆತ್ತದೆ ಉತ್ತರಿಸಿದರು.

ಕಾಯಿದೆಯ ದೃಷ್ಟಿಯಿಂದ ಈ ಉತ್ತರ ಸಮರ್ಪಕವಾಗಿದ್ದಿರಬಹುದು. ಸಂಸಾರದ ದೃಷ್ಟಿಯಿಂದ ಅದರ ಪರಿಣಾಮವೇನಾಯಿತೆಂಬುದನ್ನು, ಆ ಬಳಿಕ ಕೆಲವು ದಿನ ರಾಯರ ಕಾಫಿ ಯಾವ ಹದದಲ್ಲಿ ಬರುತ್ತಿದ್ದಿತೆಂಬುದನ್ನು ಬಲ್ಲವರು ಬಲ್ಲರು.

ಇನ್ನು ರಕ್ಷಣೆಯ ಪ್ರಶ್ನೆ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟು, ಯಾರೂ ಬಳಿಗೆ ಬಾರದಿರಲೆಂದು ಶವವೊಂದನ್ನು ಕಟ್ಟಿದರಂತೆ. ಗೃಹಸ್ಥರ ಮನೆಯಲ್ಲಿ ಅದು ಅಸಾಧ್ಯವಾದುದರಿಂದ ರಾಯರು ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ "ಔಷಧಿ. ಮಕ್ಕಳು ಮುಟ್ಟಕೂಡದು" ಎಂದು ಬರೆದು ಅಂಟಿಸಿದರು. ಧರ್ಮರಾಯನ ಬುದ್ಧಿಗಿಂತ ಇದು ಒಂದು ಕೈ ಮೇಲೆಂದೇ ಅವರ ನಂಬಿಕೆ.

ಮಹಾನವಮಿಯಂದು ಆಯುಧಪೂಜೆ, ದಶಮಿಯಂದು ಸವಾರಿ. ಆದ್ದರಿಂದ ಸಪ್ತಮಿಯ ಮಧ್ಯಾಹ್ನವೇ ಪ್ರಶಸ್ತವೆಂದು ತೀರ್ಮಾನವಾಯಿತು. ಪಂಚಾಂಗದಲ್ಲಿ ರಾಹುಕಾಲವನ್ನೂ ಗುಳಿಕಕಾಲವನ್ನೂ ನೋಡಿದ ರಾಯರು ನಕ್ಷತ್ರದ ಅಂಕಣವನ್ನು ಮಾತ್ರ ನೋಡಲಿಲ್ಲ. ಅಂದು ಮೂಲಾ. ಸರಸ್ವತಿಯ ಆವಾಹನೆ. ಮಕ್ಕಳು ಬೆಳಗ್ಗೆಯೇ ತಮ್ಮ ಗಣಿತದ ಪುಸ್ತಕಗಳನ್ನು, ಭಕ್ತಿಗೆ ಮಿತಿಯಿಲ್ಲದವರಂತೆ, ಎರಡೆರಡು ಕೈಗಳಿಂದ ತಂದೊಪ್ಪಿಸಿದ್ದರು. ಮನೆಯಾಕೆ ತಮ್ಮ ಪಾಲಿಗೆ ಮನೆಯಲ್ಲಿ ಅತ್ಯಂತ ದಪ್ಪಗಿದ್ದ ಪುಸ್ತಕವನ್ನೇ ಆರಿಸಿ ಮಣೆಯ ಮೇಲೆ ಕೆಳಗಿಟ್ಟು, ಅದರ ಮೇಲೆ ಮಿಕ್ಕವನ್ನು ಪೇರಿಸಿ, ಅರಿಶಿನ ಕುಂಕುಮ ಅಕ್ಷತೆಗಳನ್ನೇರಿಸಿ ಕೈಮುಗಿದಿದ್ದರು.

ಆಟ ಆರಂಭವಾಯಿತು. ಪೂರ್ವ ಯಾವುದೆಂದು ಬೆಂಗಳೂರಿನ ಆ ಮಕ್ಕಳಿಗೆ ತಿಳಿಯದಿದ್ದರೂ, ಉಪ್ಪಿನಕಾಯಿ ಜಾಡಿಯ ಗೂಡು ಎಲ್ಲಿದೆಯೆಂಬುದು ಚೆನ್ನಾಗಿ ತಿಳಿದಿದ್ದುದರಿಂದ ಶೆಟ್ಟಿಯ ಬೆನ್ನು ಬೇಗನೆ ದೊರೆಯಿತು. ದೊರೆಯುವಾಗ ಶೆಟ್ಟಿಯ ಕೊಬ್ಬರಿ ಕರಗಿತೆಂಬುದು ಬೇರೆ ಮಾತು. ಎರಡನೆಯ ಚೀಟಿಯನ್ನು ಹತ್ತು ವರ್ಷದ ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು. "ತಾತ, ಪಾದ್ರಿ ಹೊಟ್ಟೇಲಿ ಚೀಟಿ ಹೆಂಗೆ ಹೋಯ್ತು?" ಎಂದು ಐದು ವರ್ಷದವನು ಕೇಳಿದನು. ರಾಯರು ಮಂದಹಾಸದಿಂದ ಪುಸ್ತಕದ ಬೀರುವಿನ ಕಡೆ ತಿರುಗಿದರು. ಮಂದಹಾಸ ಅಲ್ಲಿಗೆ ನಿಂತಿತು.

"ಒಂದೇ ಒಂದು ಹಾಳೆ. ಮೆಲ್ಲಗೆ ಎಳೆದುಕೊಂಡುಬಿಡ್ತೀನಿ ಕಣೇ."

"ವಿಸರ್ಜನೆ ಆಗೋವರೆಗೆ ಪುಸ್ತಕ ಮುಟ್ಟೋ ಹಾಗಿಲ್ಲ ಅಂದ್ರೆ. ಮನೆಯ ಉತ್ಪನ್ನಕ್ಕೆ ಬೆಲೆ ಇಲ್ಲದಿದ್ರೂ ದೇವರಿಗೆ ಇದೆ."

ಮೂರನೆಯ ಚೀಟಿಯನ್ನು ಬಿಟ್ಟು ನಾಲ್ಕನೆಯದಕ್ಕೆ ಹೋಗಬಹುದಾಗಿದ್ದಿತಲ್ಲ ಎಂದು ನೀವು ಕೇಳಬಹುದು. ನಡುವಣ ಕಾಗದವಿಲ್ಲದೆ ಕಡತವನ್ನು ಮುಂದಕ್ಕೆ ಕಳುಹಿಸಿದ ಅಪಕೀರ್ತಿ ಸೇವಾವಧಿಯಲ್ಲಿಯೇ ಇಲ್ಲದ ರಾಯರು ಅದನ್ನು ನಿವೃತ್ತಿಯ ಬಳಿಕ ಸಂಪಾದಿಸುವರೆ? ಆಟವು ದಶಮಿಗೆ ಮುಂದೂಡಲ್ಪಟ್ಟಿತು.

ಶ್ರವಣಾ ನಕ್ಷತ್ರದಲ್ಲಿ ವಿಸರ್ಜನೆಯಾಗಿ, ಕುಂಕುಮದಿಂದ ಕೆಂಪಾಗಿದ್ದ ಚೀಟಿ ಹೊರಬಂದು, ನಾಲ್ಕನೆಯದೂ ದೊರೆತು, ರಾಯರು ಅಂಬಾರಿಯನ್ನು ಹಿಡಿದು ಸೌದೆಗೂಡಿಗೆ ಬಿಜಯಮಾಡಿಸಿದಾಗ ಡಬ್ಬಿ ಬರಿದಾಗಿತ್ತು. ವಿಚಾರಣೆಯಿಂದ ತಿಳಿದುಬಂದುದಿಷ್ಟು: ಮೊಮ್ಮಗಳು ಆ ಡಬ್ಬಿಯನ್ನು ಸಪ್ತಮಿಯ ಸಂಜೆಯೇ ಕಂಡು, ಮೇಲಿನ ಬರಹವನ್ನೋದಿ, ತಾತನ ಮಾತ್ರೆಯೆಂದು ವಿಧೇಯಳಾಗಿ ಇದ್ದಲ್ಲಿಯೇ ಇಟ್ಟಿದ್ದಳು. ಮರುದಿನ ಚೆಂಡನ್ನು ಹುಡುಕುತ್ತ ಬಂದ ಕಿರಿಯವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾಣ್ಯವೊಂದು ಮಾತ್ರ ತಳದಲ್ಲಿ ಉಳಿದಿತ್ತು. ಕಾಯಿದೆಗೆ ಭಂಗ ಬಂದಿರಲಿಲ್ಲ.

"ನಿಧಿ ಪತ್ತೆಯಾಗಿದೆ. ವಿಧಿ ಪಾಲನೆಯಾಗಿಲ್ಲ. ಮುಂದಿನ ವರ್ಷಕ್ಕೆ ಇಡುವುದು" ಎಂದು ರಾಯರು ಅಂದು ರಾತ್ರಿ ಕಡತದಲ್ಲಿ ಷರಾ ಬರೆದು ಲಾಡಿ ಬಿಗಿದರು. ಮಕ್ಕಳು ಆಗ ವಸ್ತುಪ್ರದರ್ಶನದಲ್ಲಿ ತಮ್ಮ ಮುಖಕ್ಕಿಂತ ದೊಡ್ಡದಾದ ಹಪ್ಪಳವನ್ನು ತಿನ್ನುತ್ತಿದ್ದರು.

ನನ್ನ ಮಟ್ಟಿಗೆ, ಆಟ ನ್ಯಾಯವಾಗಿಯೇ ನಡೆಯಿತು. ಒಂದು ತಿಂಗಳಿಗೂ ಮಿಗಿಲಾಗಿ ಅದನ್ನು ಮನಸಾರೆ ಆಡಿದವರು ರಾಯರು. ಉಂಡೆ ತಿಂದವನು ಮೊಮ್ಮಗ. ಗೆದ್ದವರು ಮನೆಯಾಕೆ, ಏಕೆಂದರೆ ಆ ಉಂಡೆಗಳಿಗೆ ಬೆಲೆಯುಂಟೆಂಬುದು ಒಂದೂ ಉಳಿಯದಿದ್ದುದರಿಂದಲೇ ಸಿದ್ಧವಾಯಿತು. ನಿಮ್ಮ ಮನೆಯಲ್ಲಿಯೂ ಇಂಥ ರಾಯರೊಬ್ಬರಿದ್ದರೆ ಅವರನ್ನು ತಡೆಯಬೇಡಿ; ಆದರೆ ಸರಸ್ವತಿಪೂಜೆಗೆ ದಪ್ಪ ಪುಸ್ತಕವನ್ನು ಕೆಳಗಿಡುವ ಮೊದಲು ಒಮ್ಮೆ ಕೊಡವಿ ನೋಡಿ, ಮತ್ತು ಚೀಟಿ ಬಿದ್ದರೆ ಓದದೆ ಹಾಗೆಯೇ ಒಳಗಿಟ್ಟು, ಪುಸ್ತಕವನ್ನು ಎಲ್ಲಕ್ಕಿಂತ ಮೇಲಿಡಿ.